ನಾಲ್ಕನೆಯ ಸಿಗ್ನಲ್‌ನ ನಲವತ್ತು ಸೆಕೆಂಡು

"ಈ ಸಿಗ್ನಲ್‌ಗಳ ಟೈಮಿಂಗ್ ಯಾರು ಇಟ್ಟಿದ್ದಾರೋ, ಅವರು ಜನ್ಮದಲ್ಲಿ ಒಂದು ಸಲಾನೂ ಬಸ್ ಹತ್ತಿಲ್ಲ. ಬರ್ಕೊಳ್ಳಿ ಮೇಡಂ."

ಅವಳು ಬರೆದುಕೊಂಡಳು.

"ಬರೆದ್ರಾ?"

"ಜನ್ಮದಲ್ಲಿ ಒಂದು ಸಲಾನೂ ಬಸ್ ಹತ್ತಿಲ್ಲ. ಬರೆದೆ. ಮುಂದೆ?"

ಬುಧವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ನಗರದ ರಸ್ತೆ ಕಚೇರಿಯಲ್ಲಿ ಸಾರ್ವಜನಿಕರ ಸಲಹೆ ಕೇಳುವ ಹೊತ್ತು. ಬರುವವರಲ್ಲಿ ಹೆಚ್ಚಿನವರು ತಮ್ಮ ಮನೆ ಮುಂದಿನ ಗುಂಡಿಯ ಕಥೆ ಹೇಳಿ, ಎದುರುಮನೆಯವರ ಕಾರಿಗೆ ನಾಲ್ಕು ಬೈದು, ಹೊಟ್ಟೆ ಹಗುರ ಮಾಡಿಕೊಂಡು ಹೋಗುತ್ತಿದ್ದರು. ಈತ ಮಾತ್ರ ನಕ್ಷೆಯನ್ನೇ ತಂದಿದ್ದ. ಟಿಕೆಟ್ ರೋಲಿನ ಹಿಂಬದಿಯಲ್ಲಿ ಬಾಲ್‌ಪೆನ್ನಿನಲ್ಲಿ ಬರೆದದ್ದು. ಮೇಜಿನ ಮೇಲೆ ಅದನ್ನು ಉದ್ದಕ್ಕೆ ಬಿಚ್ಚಿ, ಒಂದು ತುದಿಗೆ ಅವಳ ಸ್ಟೇಪ್ಲರ್, ಇನ್ನೊಂದು ತುದಿಗೆ ಅವಳ ನೀರಿನ ಲೋಟ ಇಟ್ಟ. ಕೇಳಲೂ ಇಲ್ಲ. ಹನ್ನೆರಡನೇ ನಂಬರ್ ಬಸ್ಸಿನ ಡ್ರೈವರ್. ಬುಧವಾರ ಅವನಿಗೆ ವಾರದ ರಜೆ.

"ನೋಡಿ, ಇದು ಸ್ಟೇಷನ್ ರೋಡು. ಐದು ಸಿಗ್ನಲ್ಲು. ಮೊದಲನೇದ್ರಲ್ಲಿ ಹಸಿರು ಸಿಕ್ಕಿದ ಕಾರು ಐದನ್ನೂ ದಾಟಿ ಮಹಾರಾಜನ ಥರ ಹೋಗುತ್ತೆ. ನನ್ನ ಬಸ್ಸು? ಪ್ರತಿ ಸಿಗ್ನಲ್ಲಿಗೂ ಸ್ವಲ್ಪ ಮುಂಚೆ ಒಂದು ಸ್ಟಾಪು. ಜನ ಹತ್ತಿ ಇಳಿಯೋಷ್ಟರಲ್ಲಿ ಹಸಿರು ಹೋಗಿರುತ್ತೆ. ಕಾರಲ್ಲಿ ಒಬ್ಬ ಇರ್ತಾನೆ, ನನ್ನ ಬೆನ್ನ ಹಿಂದೆ ಅರವತ್ತು ಜನ. ಯಾರನ್ನ ಮೊದಲು ಬಿಡ್ಬೇಕು?"

"ಏನು ಮಾಡ್ಬೇಕು ಅಂತೀರಿ?"

"ಸ್ಟಾಪುಗಳನ್ನ ಸಿಗ್ನಲ್ ದಾಟಿದ ಮೇಲೆ ಹಾಕ್ಲಿ. ಟೈಮಿಂಗ್‌ನ ಬಸ್ಸಿನ ನಡಿಗೆಗೆ ಹೊಂದಿಸ್ಲಿ. ಅಷ್ಟೇ. ಮೇಲ್ಸೇತುವೆ ಗೀಲ್ಸೇತುವೆ ಏನೂ ಬೇಡ. ಆ ಟೈಮಿಂಗ್ ಇಟ್ಟ ಮಹಾನುಭಾವರಿಗೆ ಇದನ್ನ ತಲುಪಿಸ್ತೀರಾ?"

"ತಲುಪಿತು."

"ಅಂದ್ರೆ?"

"ಇಟ್ಟಿದ್ದು ನಾನೇ."

ಡ್ರೈವರ್‌ನ ಕಿವಿಯ ತುದಿ ಕೆಂಪಾಯಿತು. ಲೋಟವನ್ನು ಮೆಲ್ಲಗೆ ಅವಳ ಕಡೆ ಸರಿಸಿದ. ಕಾಗದ ಸರ್ರನೆ ಸುರುಳಿ ಸುತ್ತಿಕೊಂಡಿತು.

ಅವಳಿಗೆ ಸಿಟ್ಟಾದರೂ ಬರಬೇಕಿತ್ತು, ನಗುವಾದರೂ ಬರಬೇಕಿತ್ತು. ಎರಡೂ ಬರಲಿಲ್ಲ. ಮೂರು ವರ್ಷದಿಂದ ಹಾಗೆಯೇ. ಗಂಡ ಒಂಬತ್ತು ದಿನದ ಜ್ವರದಲ್ಲಿ ಹೋಗಿದ್ದ. ಹತ್ತನೆಯ ದಿನ ಅವಳೊಳಗೆ ಎಲ್ಲೋ ಜೋಮು ಹಿಡಿಯಿತು, ಕಾಲು ಮಡಿಸಿ ತುಂಬ ಹೊತ್ತು ಕೂತರೆ ಹಿಡಿಯುತ್ತದಲ್ಲ, ಹಾಗೆ. ಅದು ಬಿಡಲೇ ಇಲ್ಲ. ಕೆಲಸಕ್ಕೇನೂ ತೊಂದರೆಯಾಗಲಿಲ್ಲ. ಮೂರು ವರ್ಷದಲ್ಲಿ ಒಂದೇ ಒಂದು ಅಂಕಿಯನ್ನೂ ತಪ್ಪು ಬರೆದವಳಲ್ಲ.

ಮನೆಯಲ್ಲಿ ಅವಳು ಮತ್ತು ಅತ್ತೆ, ಇಬ್ಬರೇ.

"ಊಟ ಹೇಗಿದೆ?" ಅತ್ತೆ ಅವತ್ತು ಕೇಳಿದರು.

"ಚೆನ್ನಾಗಿದೆ ಅತ್ತೆ."

"ಉಪ್ಪೇ ಹಾಕಿಲ್ಲ ಕಣೇ. ನಿನ್ನೇನೂ ಹಾಕಿರ್ಲಿಲ್ಲ, ಮೊನ್ನೇನೂ ಹಾಕಿರ್ಲಿಲ್ಲ. ನೀನು ಯಾವತ್ತು ಹೇಳ್ತೀಯ ಅಂತ ಕಾದು ಕಾದು ನನ್ನ ನಾಲಿಗೆ ಸತ್ತೋಯ್ತು."

"ಸಾರಿ ಅತ್ತೆ."

"ನಿನ್ನ ಸಾರಿ ಯಾರಿಗೆ ಬೇಕು, ಆ ಉಪ್ಪಿನ ಡಬ್ಬಿ ಈ ಕಡೆ ಕೊಡು."

ಮಗನನ್ನು ಕಳೆದುಕೊಂಡ ಅತ್ತೆ ಎದೆ ಬಡಿದುಕೊಂಡು ಅತ್ತು, ದೇವರಿಗೂ ಡಾಕ್ಟರಿಗೂ ಸಮನಾಗಿ ಬೈದು, ಒಂದು ದಿನ ಕೆಳಗಿನ ಮನೆಯವರ ಜೊತೆ ನೀರಿಗಾಗಿ ಜಗಳವಾಡಿ ಬದುಕಿಗೆ ವಾಪಸು ಬಂದಿದ್ದರು. ಸೊಸೆ ಇನ್ನೂ ಬಂದಿರಲಿಲ್ಲ.

ಮರುದಿನದಿಂದ ಆರು ದಿನ ಅವಳು ಹನ್ನೆರಡನೇ ನಂಬರ್ ಬಸ್ಸಿನಲ್ಲಿ ಓಡಾಡಿದಳು. ಡ್ರೈವರ್ ಹಿಂದಿನ ಸೀಟು, ಕೈಯಲ್ಲಿ ಸ್ಟಾಪ್‌ವಾಚು, ತೊಡೆಯ ಮೇಲೆ ಹಾಳೆ.

"ಅಂತೂ ಬಸ್ ಹತ್ತಿದ್ರಿ, ಮೇಡಂ."

"ನಿಮ್ಮ ದೂರು ಸುಳ್ಳು ಅಂತ ತೋರಿಸೋಕೆ."

"ತೋರಿಸಿ, ತೋರಿಸಿ. ಆ ಹಸಿರು ಚೀಲದ ಅಜ್ಜಿ ಬಂದ್ರು ನೋಡಿ. ಅವರು ಹತ್ತೋಕೆ ಹತ್ತೊಂಬತ್ತು ಸೆಕೆಂಡು ಇಟ್ಕೊಳ್ಳಿ. ಮೊಣಕಾಲು. ಮಳೆ ಬಂದ್ರೆ ಇಪ್ಪತ್ತೆರಡು."

ಸ್ಟಾಪ್‌ವಾಚ್ ಒತ್ತಿ ನೋಡಿದಳು. ಹತ್ತೊಂಬತ್ತು.

"ಮನೇಲೂ ಹೀಗೇ ಎಣಿಸ್ತಾ ಇರ್ತೀರಾ?"

"ಮನೇಲಿ ಎಣಿಸೋಕೆ ಏನಿದೆ ಮೇಡಂ? ತಂಗಿ ಇದ್ಲು, ಮದುವೆಯಾಗಿ ಹೋದ್ಲು. ಈಗ ಒಂದು ರೇಡಿಯೋ ಇದೆ. ಅದೂ ಒಂದೇ ಸ್ಟೇಷನ್ ಹಿಡಿಯುತ್ತೆ."

ಮೂರನೆಯ ದಿನ ಕೆಂಪು ದೀಪದಲ್ಲಿ ನಿಂತಾಗ ತಲೆಯೆತ್ತಿದಳು. ಡ್ರೈವರ್‌ನ ತಲೆಯ ಮೇಲಿದ್ದ ಉದ್ದನೆಯ ಕನ್ನಡಿಯಲ್ಲಿ ಎರಡು ಕಣ್ಣು. ಕಂಡೂ ಕಾಣದ ಹಾಗೆ ಅವು ಪಕ್ಕಕ್ಕೆ ಸರಿದವು, ಮತ್ತೆ ಬಂದವು.

"ಹಿಂದೆ ಯಾವ ಗಾಡಿ ಬರ್ತಿದೆ ಅಂತ ನೋಡ್ತಿದ್ದೀರಾ?"

"ಇದು ಒಳಗಿನ ಕನ್ನಡಿ ಮೇಡಂ. ಇದ್ರಲ್ಲಿ ಗಾಡಿ ಕಾಣಲ್ಲ."

ಅವಳು ಹಾಳೆಯತ್ತ ಬಗ್ಗಿದಳು. ಮುಂದಿನ ಸ್ಟಾಪಿನಲ್ಲಿ ಎಷ್ಟು ಜನ ಹತ್ತಿದರು ಎಂಬುದನ್ನು ಕಂಡಕ್ಟರನ್ನು ಕೇಳಬೇಕಾಯಿತು.

ಅಳತೆ ಮುಗಿಯಿತು. ಅವಳು ಮತ್ತೆ ಕಚೇರಿಯ ಮೊದಲ ಮಹಡಿಗೆ, ಕಿಟಕಿಯ ಪಕ್ಕದ ತನ್ನ ಮೇಜಿಗೆ ಬಂದಳು. ನಾಲ್ಕನೆಯ ಸಿಗ್ನಲ್ ಸರಿಯಾಗಿ ಆ ಕಿಟಕಿಯ ಕೆಳಗೇ. ಸಂಜೆ ನಾಲ್ಕು ಇಪ್ಪತ್ತರ ಹೊತ್ತಿಗೆ ಹನ್ನೆರಡನೇ ನಂಬರ್ ಬರುತ್ತಿತ್ತು, ಕೆಂಪು ಬೀಳುತ್ತಿತ್ತು, ನಲವತ್ತು ಸೆಕೆಂಡು ನಿಲ್ಲುತ್ತಿತ್ತು. ಡ್ರೈವರ್ ಸ್ಟೀರಿಂಗ್ ಮೇಲಿಂದ ಬೆರಳೆತ್ತಿ ಎಷ್ಟು ನಿಮಿಷ ಲೇಟು ಎಂದು ತೋರಿಸುತ್ತಿದ್ದ. ಆರು. ಏಳು. ಒಂದು ದಿನ ಎರಡೂ ಕೈಯ ಹತ್ತೂ ಬೆರಳೆತ್ತಿ, ಸಾಲದೆಂದು ಪಕ್ಕದ ಪ್ರಯಾಣಿಕರ ಒಂದು ಬೆರಳು ಕೇಳಿ ಎತ್ತಿಸಿದ. ಅವಳು ಹನ್ನೊಂದು ಎಂದು ದೊಡ್ಡದಾಗಿ ಬರೆದು ಗಾಜಿಗೆ ಹಿಡಿದಳು. ಅವನು ಹಣೆ ಚಚ್ಚಿಕೊಂಡ. ದೀಪ ಹಸಿರಾಯಿತು. ಬಸ್ಸು ಹೋಯಿತು. ಇದು ಮಾಹಿತಿ ಸಂಗ್ರಹ ಎಂದೇ ಅವಳು ತಿಳಿದಿದ್ದಳು.

ಒಂದು ತಿಂಗಳ ನಂತರ, ದೂರು ನಿಜವೇ ಎಂಬ ಅವಳ ವರದಿ ಓದಿ, ಮೇಲಿನವರು ಒಂದು ವಾರದ ಪ್ರಯೋಗಕ್ಕೆ ಒಪ್ಪಿದರು. ಸ್ಟಾಪುಗಳು ಸಿಗ್ನಲ್ ದಾಟಿದ ಮೇಲೆ, ಟೈಮಿಂಗ್ ಬಸ್ಸಿನ ನಡಿಗೆಗೆ. ಹನ್ನೆರಡನೇ ನಂಬರ್‌ಗೆ ಐದು ನಿಮಿಷ ಉಳಿದರೆ ಕಾಯಂ. ಉಳಿಯದಿದ್ದರೆ ಶನಿವಾರ ಎಲ್ಲವೂ ಮೊದಲಿನಂತೆ. ಅವಳು ಟೈಮಿಂಗ್ ಹಾಳೆ ತುಂಬಿ ಸಹಿ ಹಾಕಿದಳು.

ಸೋಮವಾರ ಶುರುವಾಯಿತು. ನಾಲ್ಕು ಇಪ್ಪತ್ತಕ್ಕಿಂತ ಮೊದಲೇ ಬಸ್ಸು ಕಿಟಕಿಯ ಕೆಳಗೆ ಬಂತು, ಕೆಂಪು ಬಿತ್ತು, ನಿಂತಿತು. ಡ್ರೈವರ್ ಬೆರಳೆತ್ತಲಿಲ್ಲ. ಹುಬ್ಬು ಗಂಟಿಕ್ಕಿ ದೀಪ ನೋಡಿದ, ಆಮೇಲೆ ಅವಳನ್ನು ನೋಡಿದ.

ಬುಧವಾರ ಮೂರು ಗಂಟೆಗೆ ಸರಿಯಾಗಿ ಬಂದ.

"ಒಂದು, ಎರಡು, ಮೂರು ಹಸಿರು. ಹೂವಿನ ಮೇಲೆ ಹೋದ ಹಾಗೆ. ನಾಲ್ಕು ಕೆಂಪು. ಅಲ್ಲಿ ನಿಂತ ತಪ್ಪಿಗೆ ಐದನೇದೂ ಕೆಂಪು. ಉಳೀತಿರೋದು ಮೂರೇ ನಿಮಿಷ. ಎಲ್ಲೋ ಅಂಕಿ ತಪ್ಪಿದೆ ಮೇಡಂ."

"ನಾನು ಅಂಕಿ ತಪ್ಪಲ್ಲ."

"ಒಂದ್ಸಲ ನೋಡಿಬಿಡಿ."

ಹಾಳೆ ತೆಗೆದಳು. ಮೊದಲ ಸಿಗ್ನಲ್ ಹಸಿರಾದ ಎಷ್ಟು ಸೆಕೆಂಡಿಗೆ ನಾಲ್ಕನೆಯದು ಹಸಿರಾಗಬೇಕು ಎಂಬಲ್ಲಿ, ಅವಳದೇ ದುಂಡು ಅಕ್ಷರದಲ್ಲಿ, ಇನ್ನೂರ ಐವತ್ತೆಂಟು. ಪಕ್ಕದ ಲೆಕ್ಕದ ಹಾಳೆಯಲ್ಲಿ, ಅದೂ ಅವಳದೇ ಅಕ್ಷರ, ಇನ್ನೂರ ಹದಿನೆಂಟು.

"ನಲವತ್ತು ಸೆಕೆಂಡು ಜಾಸ್ತಿ ಬರೆದಿದ್ದೀನಿ," ಎಂದಳು.

ಡ್ರೈವರ್ ಕಿಟಕಿಯತ್ತ ನೋಡಿದ. ಕೆಳಗಿನ ಸಿಗ್ನಲ್ ನೋಡಿದ. ಅವಳ ಕುರ್ಚಿ ನೋಡಿದ. ಬಸ್ಸಿನ ಡ್ರೈವರ್, ದೂರ ಅಳೆಯುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಬೇಕಂತ ಬರೆದ್ರಾ?" ದನಿ ತುಂಬ ತಗ್ಗಿತ್ತು.

"ಬರೆಯುವಾಗ ಗೊತ್ತಿರ್ಲಿಲ್ಲ." ಅವಳು ಹಾಳೆಯಿಂದ ಕಣ್ಣೆತ್ತಲಿಲ್ಲ. "ಈಗ ಗೊತ್ತಾಯ್ತು."

ಅವಳ ಬೆರಳ ತುದಿಯಿಂದ ಮೇಲಕ್ಕೆ ಸಣ್ಣ ಸಣ್ಣ ಸೂಜಿ ಚುಚ್ಚುತ್ತಿದ್ದವು. ಜೋಮು ಬಿಡುವಾಗ ನೋಯುತ್ತದೆ ಎಂಬುದು ಅವಳಿಗೆ ಮರೆತೇಹೋಗಿತ್ತು.

"ಸರಿ ಮಾಡಿಬಿಡಿ," ಎಂದ ಅವನು. "ನಮ್ಮಿಬ್ಬರಿಗೋಸ್ಕರ ಅರವತ್ತು ಜನ ಯಾಕೆ ನಿಲ್ಬೇಕು? ಅಜ್ಜಿಗೆ ಮೊದಲೇ ಮೊಣಕಾಲು."

"ಸರಿ ಮಾಡಿದ್ರೆ ನೀವು ಇಲ್ಲಿ ನಿಲ್ಲಲ್ಲ."

"ಬಸ್ಸು ನಿಲ್ಲಲ್ಲ. ನಾನು ನಿಲ್ಲಲ್ಲ ಅಂತ ಯಾರು ಹೇಳಿದ್ದು? ಐದೂಕಾಲಿಗೆ ನನ್ನ ಡ್ಯೂಟಿ ಮುಗಿಯುತ್ತೆ. ನಡೆದು ಬರೋರಿಗೂ ರಸ್ತೆ ದಾಟೋಕೆ ಈ ಸಿಗ್ನಲ್‌ನಲ್ಲಿ ಒಂದು ಬಟನ್ ಇಟ್ಟಿದ್ದೀರಲ್ಲ, ಮರೆತ್ರಾ?"

ಅವಳು ಪೆನ್ ತೆಗೆದು ಐವತ್ತೆಂಟನ್ನು ಹೊಡೆದುಹಾಕಿ ಹದಿನೆಂಟು ಬರೆದಳು. ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದಳು. ಮೂರು ವರ್ಷದಲ್ಲಿ ಮೊದಲ ತಿದ್ದುಪಡಿ.

ಗುರುವಾರ ಸಂಜೆ ಹನ್ನೆರಡನೇ ನಂಬರ್ ಬಂತು. ಹಸಿರು. ಡ್ರೈವರ್‌ನ ಕಣ್ಣು ರಸ್ತೆಯ ಮೇಲೆ, ಇರಬೇಕಾದಲ್ಲೇ ಇತ್ತು. ಬಸ್ಸು ನಿಲ್ಲದೆ ದಾಟಿ ಹೋಯಿತು. ಕಿಟಕಿಯ ಗಾಜು ಒಂದಿಷ್ಟು ನಡುಗಿ ಸುಮ್ಮನಾಯಿತು. ಅವಳು ಖಾಲಿ ರಸ್ತೆ ನೋಡುತ್ತ ಕೂತಳು. ನೋವಾಯಿತು. ಎಲ್ಲಿ ಎಂದು ಕೇಳಿದ್ದರೆ ಬೆರಳಿಟ್ಟು ತೋರಿಸಬಹುದಾದಷ್ಟು.

ಐದೂವರೆಗೆ ರಸ್ತೆಯ ಆಚೆ ಬದಿಯಲ್ಲಿ ಯೂನಿಫಾರ್ಮಿನಲ್ಲಿ ಒಬ್ಬ ಬಂದು ಬಟನ್ ಒತ್ತಿ ನಿಂತ. ಒತ್ತಿದ ಇಪ್ಪತ್ತೈದು ಸೆಕೆಂಡಿಗೆ ದಾರಿ ಸಿಗುತ್ತದೆ. ಅವಳೇ ಇಟ್ಟ ಟೈಮಿಂಗ್. ಎಣಿಸತೊಡಗಿದಳು. ಹನ್ನೆರಡಕ್ಕೆ ಬಂದಾಗ ಎಣಿಕೆ ಅಲ್ಲೇ ಬಿಟ್ಟು ಮೆಟ್ಟಿಲಿಳಿದಳು.

"ಎಷ್ಟು ಉಳೀತು?" ಫುಟ್‌ಪಾತಿನ ಅಂಚಿನಲ್ಲಿ ನಿಂತು, ರಸ್ತೆ ದಾಟಿ ಬಂದವನನ್ನು ಕೇಳಿದಳು.

ಅವನು ಐದು ಬೆರಳೆತ್ತಿದ. ಇಳಿಸುವ ಮೊದಲೇ ಅವಳು ಆ ಕೈ ಹಿಡಿದುಕೊಂಡಳು. ಒರಟು ಕೈ, ಸ್ಟೀರಿಂಗಿನ ಬಿಸಿ ಇನ್ನೂ ಆರಿರಲಿಲ್ಲ. ಬಿಸಿ ಎಂದು ಅವಳಿಗೆ ಗೊತ್ತಾಯಿತು.

ಅವತ್ತು ಊಟಕ್ಕೆ ಕೂತು ಒಂದು ತುತ್ತು ಬಾಯಿಗಿಟ್ಟವಳು ತಡೆದು ಹೇಳಿದಳು: "ಅತ್ತೆ, ಉಪ್ಪಿಲ್ಲ."

ಅತ್ತೆ ಸೌಟು ಕೆಳಗಿಟ್ಟರು. ಸೊಸೆಯ ಮುಖವನ್ನೇ ನೋಡಿದರು. ಉಪ್ಪಿನ ಡಬ್ಬಿಯನ್ನು ಅವಳ ಕಡೆ ತಳ್ಳಿ, ಸೆರಗಿನಿಂದ ಒಮ್ಮೆ ಮೂಗು ಒರೆಸಿಕೊಂಡರು.

"ಯಾರವನು?"

"ಬಸ್ ಡ್ರೈವರ್."

"ಯಾವ ನಂಬರು?"

"ಹನ್ನೆರಡು."

"ಅಯ್ಯೋ, ಆ ಬಸ್ಸು ಯಾವಾಗ್ಲೂ ಲೇಟು ಕಣೇ!"

"ಈಗಿಲ್ಲ ಅತ್ತೆ."