ಫ್ಲಾಸ್ಕಿನ ತಳದ ಕಿತ್ತಳೆ ಪುಡಿ

ನನ್ನ ಗಂಡ ಪ್ರಯೋಗಾಲಯದಲ್ಲಿ ಸತ್ತ ಮೂರನೆಯ ದಿನ ಇನ್‌ಸ್ಪೆಕ್ಟರ್ ನಮ್ಮ ಮನೆಗೆ ಬಂದು ಅತ್ತೆಯ ಮುಂದೆ ಕೂತರು. ಅತ್ತೆ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವರು. ಪೊಲೀಸರು ಕೈಚೆಲ್ಲಿದ ಎಷ್ಟೋ ಪ್ರಕರಣಗಳನ್ನು ಬಿಡಿಸಿಕೊಟ್ಟವರು. ಆಗೆಲ್ಲ ಜೊತೆಗಿದ್ದು ಬರೆದುಕೊಳ್ಳುತ್ತಿದ್ದವಳು ನಾನು. ಈ ಸಲ ಸತ್ತವನು ಅವರ ಮಗ.

"ಮೇಲಿನವರು ಫೈಲ್ ಮುಚ್ಚಿಬಿಡಿ ಅಂತಿದಾರಮ್ಮ," ಎಂದರು ಇನ್‌ಸ್ಪೆಕ್ಟರ್. "ನಿಮ್ಮ ಮಗನ ಫ್ಲಾಸ್ಕಲ್ಲಿದ್ದ ಪುಡಿ ಕಾಯಿಸಿದ್ರೆ ವಿಷದ ಗಾಳಿ ಬರುತ್ತಂತೆ. ಹೊಗೆ ಎಳೆಯೋ ಫ್ಯಾನ್ ಓಡ್ತಿರ್ಲಿಲ್ಲ. ಯಾರೋ ಹಾಕೋದು ಮರೆತಿದಾರೆ, ಅಷ್ಟೆ."

ಅದೇ ಪ್ರಯೋಗಾಲಯದಲ್ಲಿ ನನಗೂ ಕೆಲಸ. ಆ ಬೆಳಿಗ್ಗೆ ಪುಡಿ ತೂಗಿಟ್ಟು ಫ್ಯಾನ್ ಹಾಕಬೇಕಿದ್ದವಳು ನಾನೇ. ಸ್ವಿಚ್ ಒತ್ತಿದ್ದೆನೋ ಇಲ್ಲವೋ, ಎಷ್ಟು ತಡಕಾಡಿದರೂ ನೆನಪಾಗುತ್ತಿರಲಿಲ್ಲ. ಅತ್ತೆಗೆ ಹೇಳಲು ಬಾಯಿ ಬರಲಿಲ್ಲ.

ಮೊಹರು ಒಡೆದು ನನ್ನವರು ಸತ್ತ ಕೋಣೆಯೊಳಗೆ ಹೋದೆವು. ಗಾಜಿನ ಗೂಡಿನಲ್ಲಿ ಫ್ಲಾಸ್ಕ್ ಹಾಗೆಯೇ ಇತ್ತು. ತಳದಲ್ಲಿ ನಾನು ತೂಗಿದ ಎರಡು ಗ್ರಾಂ ರುಥೇನಿಯಮ್ ಕಾರ್ಬೊನಿಲ್, ಕಿತ್ತಳೆ ಬಣ್ಣದ ಪುಡಿ. ರಾಸಾಯನಿಕ ಕ್ರಿಯೆಗಳಿಗೆ ವೇಗ ಕೊಡುವ ವಸ್ತುಗಳನ್ನು ಇದರಿಂದ ಮಾಡುತ್ತಿದ್ದೆವು. ನಾನು ಬೇಗ ಕಣ್ಣು ತಿರುಗಿಸಿದೆ.

"ಆ ಸ್ವಿಚ್ ಒತ್ತು," ಎಂದರು ಅತ್ತೆ.

ಒತ್ತಿದೆ. ಫ್ಯಾನ್ ತಿರುಗಲಿಲ್ಲ. ಅತ್ತೆ "ಹೂಂ" ಅಂದರು, ನನ್ನನ್ನೇ ನೋಡುತ್ತ.

ಪಕ್ಕದ ಕೋಣೆ ನನ್ನವರ ಸಹೋದ್ಯೋಗಿಯದು. ಅವರೇ ಹೆಣವನ್ನು ಮೊದಲು ಕಂಡವರು. ಅಲ್ಲಿನ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲದ ಸಿಲಿಂಡರಿನ ಮುಳ್ಳು ಸೊನ್ನೆಯಲ್ಲಿತ್ತು. ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಕೊಳವೆ ಹಾಯುವಷ್ಟು ತೂತು.

"ಹೋದ ವಾರ ಬಂದಿದ್ದು ಇದು. ಆರು ತಿಂಗಳಾದ್ರೂ ಬರ್ಬೇಕಿತ್ತು," ಎಂದು ಸ್ಟೋರಿನವನು ತಲೆ ಕೆರೆದುಕೊಂಡ.

ಹನ್ನೊಂದು ದಿನಗಳ ನಂತರ ಅತ್ತೆ ಎಲ್ಲರನ್ನೂ ಆ ಕೋಣೆಗೆ ಕರೆಸಿದರು: ಪ್ರಯೋಗಾಲಯದ ಮುಖ್ಯಸ್ಥರು, ಸಹೋದ್ಯೋಗಿ, ಇನ್‌ಸ್ಪೆಕ್ಟರ್. ನಾನು ಬಾಗಿಲಿಗೆ ಒರಗಿ ನಿಂತೆ. ಅತ್ತೆಯ ಬೆರಳು ನನ್ನತ್ತ ತಿರುಗುತ್ತದೆ ಎಂದೇ ಕಾದಿದ್ದೆ.

"ಅವತ್ತು ಕಂಡದ್ದು ಇನ್ನೊಂದ್ಸಲ ಹೇಳಿ," ಎಂದರು ಅತ್ತೆ, ಸಹೋದ್ಯೋಗಿಗೆ.

"ಎಷ್ಟು ಸಲ ಹೇಳ್ಲಮ್ಮ? ಅವನು ಕೆಳಗೆ ಬಿದ್ದಿದ್ದ. ಫ್ಲಾಸ್ಕ್ ನೋಡಿದೆ. ಪುಡಿ ಮಸಿ ಥರ ಕಪ್ಪಗಾಗಿತ್ತು. ತಕ್ಷಣ ಅರ್ಥ ಆಯ್ತು, ಕಿಟಕಿ ತೆಗೆದೆ," ಎಂದರು ಸಹೋದ್ಯೋಗಿ.

ಅತ್ತೆ ಫ್ಲಾಸ್ಕನ್ನು ಬೆಳಕಿಗೆ ಹಿಡಿದರು. ಕಿತ್ತಳೆ.

"ಬಣ್ಣ ತಪ್ಪು ಬರೆದ್ರೆ ನಾನು ಅಂಕ ಕಳೀತಿದ್ದೆ. ಈ ಪುಡಿ ತಣ್ಣಗಿದ್ರೆ ಗಾಳೀಲೂ ಕೆಡಲ್ಲ. ಚೆನ್ನಾಗಿ ಕಾದಾಗ ತನ್ನೊಳಗಿನ ಕಾರ್ಬನ್ ಮಾನಾಕ್ಸೈಡ್ ಬಿಟ್ಟುಕೊಟ್ಟು ಕಪ್ಪು ಲೋಹ ಆಗುತ್ತೆ. ಇದು ಕಾದೇ ಇಲ್ಲ. ಹೀಟರ್ ಹಾಕೋ ಮೊದಲೇ ನನ್ನ ಮಗ ಬಿದ್ದಿದಾನೆ. ಎರಡು ಗ್ರಾಮೂ ಕಾದಿದ್ರೂ ಬರೋ ಅನಿಲ ಒಂದು ಲೀಟರೂ ಇಲ್ಲ. ಇಷ್ಟು ದೊಡ್ಡ ಕೋಣೇಲಿ ಆಳು ಸಾಯಲ್ಲ. ಕಾದಿರುತ್ತೆ ಅಂದ್ಕೊಂಡು ಪುಸ್ತಕದಲ್ಲಿರೋದನ್ನ ಹೇಳಿದ್ರಿ ನೀವು. ಫ್ಲಾಸ್ಕ್ ನೋಡ್ಲೇ ಇಲ್ಲ, ಯಾಕಂದ್ರೆ ಅವನು ಹೇಗೆ ಸತ್ತ ಅಂತ ನಿಮಗೆ ಮೊದಲೇ ಗೊತ್ತಿತ್ತು. ಸಿಲಿಂಡರು ನಿಮ್ಮದು, ಕೊಳವೆ ಹಾಕಿದ್ದು ಆ ತೂತಿಂದ. ವಾಸನೆ ಇಲ್ಲದ ಅನಿಲ, ಅವನಿಗೆ ತಿಳೀಲೇ ಇಲ್ಲ."

"ಫ್ಯಾನಿಂದ ಕಿತ್ತಿದ್ದ ಫ್ಯೂಸ್ ನಿನ್ನೆ ಇವರ ಡ್ರಾಯರಲ್ಲಿ ಸಿಕ್ತು," ಎಂದರು ಇನ್‌ಸ್ಪೆಕ್ಟರ್.

ಮುಖ್ಯಸ್ಥರು ನೆಲ ನೋಡುತ್ತ ಹೇಳಿದರು: "ಇವರ ಫಲಿತಾಂಶ ಎಲ್ಲಾ ಸುಳ್ಳು, ಮಧ್ಯಾಹ್ನ ಬಂದು ತೋರಿಸ್ತೀನಿ ಅಂದಿದ್ದ ನಿಮ್ಮ ಮಗ, ಅವತ್ತು ಬೆಳಿಗ್ಗೆ. ಬರ್ಲಿಲ್ಲ."

ಸಹೋದ್ಯೋಗಿ ಸ್ಟೂಲಿನ ಮೇಲೆ ಕುಸಿದು ಕೂತರು.

ಮನೆಗೆ ನಡೆದು ಬರುವಾಗ ಅತ್ತೆ ಹೇಳಿದರು: "ನೀನು ಸ್ವಿಚ್ ಒತ್ತಿದ್ರೂ ಅಷ್ಟೆ, ಬಿಟ್ಟಿದ್ರೂ ಅಷ್ಟೆ. ಫ್ಯೂಸೇ ಇರ್ಲಿಲ್ಲ."

"ನಿಮಗೆ ಗೊತ್ತಿತ್ತಾ ಅತ್ತೆ, ಫ್ಯಾನ್ ಹಾಕೋ ಕೆಲಸ ನಂದು ಅಂತ?"

"ಮೊದಲನೇ ದಿನಾನೇ. ಫ್ಯೂಸ್ ಕಿತ್ತೋಳು ನೀನೇ ಇರ್ಬಹುದು ಅಂತಾನೂ ಯೋಚನೆ ಮಾಡಿದ್ದೆ. ನಿನ್ನೆವರೆಗೂ."

ಆ ಹನ್ನೊಂದು ದಿನವೂ ನಾನು ಎದ್ದು ಊಟಕ್ಕೆ ಬಾರದಿದ್ದಾಗ ತಟ್ಟೆ ಹಿಡಿದು ಬಂದು ತುತ್ತು ಮಾಡಿ ಉಣಿಸಿದವರು ಅವರೇ.