ಅಂಗಳದಲ್ಲಿ ಸುತ್ತಿದ ಬಗ್ಗಿ

2003ರ ಮೇ ತಿಂಗಳು. ನನ್ನ ಯಜಮಾನರು ಅಪ್ಪಚ್ಚು ಆಗ ನಾಗಪುರದ ಪಕ್ಕದ ಕಾಮಠಿಯಲ್ಲಿ ಸೇನೆಯಲ್ಲಿದ್ದರು. ಭಾನುವಾರದ ರೇಸಿಗೆಂದು ತಾವೇ ಕಟ್ಟಿದ ಮೊಳದುದ್ದದ, ರಿಮೋಟಿನಿಂದ ಓಡಿಸುವ ಬಗ್ಗಿ ಎಂಬ ಆಟದ ಕಾರಿಗೆ ಹೊಸ ಮೋಟಾರು, ಮುಳ್ಳುಟೈರು ಹಾಕಿ ವರಾಂಡದಲ್ಲಿ ಇಟ್ಟಿದ್ದರು. ಮಧ್ಯಾಹ್ನ ನಾವು ಊಟಕ್ಕೆ ಕೂತಾಗ ಹೊರಗೆ ಮೋಟಾರು ಗುಂಯ್ಗುಟ್ಟಿತು.

“ರೀ, ಯಾರು ಓಡಿಸ್ತಿದಾರೆ?”

“ಯಾರಿಗೂ ಆಗಲ್ಲ ಅಂಬುಜಾ. ಬ್ಯಾಟರಿ ಇಲ್ಲೇ ಚಾರ್ಜಿಗೆ ಹಾಕಿದೀನಿ ನೋಡು.”

ಇಬ್ಬರೂ ಹೊರಗೆ ಓಡಿದೆವು. ಬಗ್ಗಿ ಅಂಗಳದ ಧೂಳಿನಲ್ಲಿ ಸುತ್ತು ಹಾಕುತ್ತಿತ್ತು. ಪ್ರತಿ ಸುತ್ತಿನಲ್ಲೂ ಬೇವಿನ ಮರದ ಬಳಿ ನಿಧಾನಿಸಿ, ಅಲ್ಲಿ ನಿಂತ ಯಾರನ್ನೋ ಸುತ್ತಿ ಬರುವಂತೆ ತಿರುಗುತ್ತಿತ್ತು. ನಮ್ಮನ್ನು ಕಂಡದ್ದೇ ನಿಂತಿತು. ಎತ್ತಲು ಹೋದ ಇವರು ಥಟ್ಟನೆ ಕೈಬಿಟ್ಟರು. ಆ ಉರಿಬಿಸಿಲಲ್ಲೂ ಮೋಟಾರು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

ಇವರು ರೇಸಿಗೆ ಹೋಗಲಿಲ್ಲ. ಆ ಮಧ್ಯಾಹ್ನವೇ ಬಗ್ಗಿಯನ್ನು ಬಿಚ್ಚಿ, ಗಾಲಿಗಳನ್ನೂ ಕಳಚಿ, ಟ್ರಂಕಿಗೆ ತುಂಬಿ ಬೀಗ ಜಡಿದರು. ಸಂಜೆ ನಾನು ಅಂಗಳವನ್ನು ಚೊಕ್ಕವಾಗಿ ಗುಡಿಸಿದೆ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ, ಬೇವಿನ ಮರದ ಸುತ್ತ ಮುಳ್ಳುಟೈರಿನ ಹೊಸ ಗುರುತು.