ಮೆಟ್ಟಿಲು ಇದ್ದಲ್ಲಿ ಕಥೆ

“ಅಪ್ಪಾ, ನಾಳೆ?”

“ನಾಳೆ ಬೇಡ ಗೋಚಿ.”

“ಹಾಗಾದ್ರೆ ನಾಡಿದ್ದು?”

ಅಪ್ಪ ಅಡುಗೆಮನೆಯ ಕುರ್ಚಿಯಲ್ಲಿ ಕೂತು, ಐಸ್ ಕಟ್ಟಿದ ನೀರಿನ ಬಾಟಲಿಯನ್ನು ಬಲಗಾಲಿನ ಕೆಳಗೆ ಹಿಂದೆ ಮುಂದೆ ಉರುಳಿಸುತ್ತಿದ್ದ. ಬಾಟಲಿ ನೆಲದ ಮೇಲೆ ಗಡಗಡ ಸದ್ದು ಮಾಡುತ್ತಿತ್ತು.

“ಬುರುಜು ಎಲ್ಲಿಗೂ ಓಡಿಹೋಗಲ್ಲ ಕಣೇ. ಅಲ್ಲೇ ಇರುತ್ತೆ,” ಎಂದ ಕೊನೆಗೆ.

ಈ ಮಾತನ್ನು ಗೋಚಿ ಎಷ್ಟು ಸಲ ಕೇಳಿದ್ದಳೆಂದರೆ, ಅಪ್ಪ ಬಾಯಿ ತೆರೆಯುವ ಮೊದಲೇ ಅದು ಅವಳಿಗೆ ಕೇಳಿಸಿಬಿಡುತ್ತಿತ್ತು. ಅವಳು ಮುಖ ಊದಿಸಿಕೊಂಡು ಎದ್ದು ಹೋದಳು.

ಗೋಚಿ ಅವಳ ನಿಜವಾದ ಹೆಸರಲ್ಲ. ಚಿಕ್ಕವಳಿದ್ದಾಗ ಅಪ್ಪ ಎಲ್ಲಿಗೆ ಹೊರಟರೂ ಹಿಂದೆಯೇ ಹೊರಡುತ್ತಿದ್ದಳು. ಅಂಗಡಿಗೆ ಹೋದರೂ ಹಿಂದೆ, ಪಕ್ಕದ ಮನೆಗೆ ಹೋದರೂ ಹಿಂದೆ. ಸ್ನಾನಕ್ಕೆ ಹೋದರೆ ಬಚ್ಚಲುಮನೆಯ ಬಾಗಿಲ ಹೊರಗೆ ಕಾವಲು. “ಒಳ್ಳೆ ಬಾಲಂಗೋಚಿ ಆಯ್ತಲ್ಲ ಇದು!” ಎಂದು ಅಮ್ಮ ನಕ್ಕಿದ್ದೇ ಹೆಸರಾಗಿ ಉಳಿಯಿತು. ಉದ್ದವಾಯಿತೆಂದು ಎಲ್ಲರೂ ಬಾಲ ಕತ್ತರಿಸಿ ಬರೀ ಗೋಚಿ ಮಾಡಿದರು.

ಈಗ ಹೆಸರು ಮಾತ್ರ ಉಳಿದಿತ್ತು. ಹಿಂದೆ ಹೋಗೋಣವೆಂದರೆ ಅಪ್ಪ ಎಲ್ಲಿಗೂ ಕರೆದುಕೊಂಡು ಹೋಗುತ್ತಿರಲಿಲ್ಲ.

ಅಪ್ಪ ಕೋಟೆಯಲ್ಲಿ ಗೈಡ್. ಮಡಚಿದ ಕೆಂಪು ಕೊಡೆಯನ್ನು ಬಾವುಟದ ಹಾಗೆ ಎತ್ತಿ ಹಿಡಿದು ಮುಂದೆ ನಡೆಯುತ್ತಾನೆ, ಪ್ರವಾಸಿಗಳು ಅದನ್ನು ನೋಡಿಕೊಂಡು ಹಿಂದೆ ನಡೆಯುತ್ತಾರೆ. ಬೆಳಿಗ್ಗೆ ಒಂದು ಗುಂಪು, ಮಧ್ಯಾಹ್ನ ಒಂದು ಗುಂಪು. ರಜಾದಿನಗಳಲ್ಲಂತೂ ಉಸಿರಾಡಲೂ ಪುರುಸೊತ್ತಿಲ್ಲ.

“ಬುರುಜಿನ ತುದಿಗೆ ಹತ್ತಿದ್ರೆ ನಮ್ಮ ಮನೆ ಟ್ಯಾಂಕ್ ಕಾಣುತ್ತೆ ಗೊತ್ತಾ? ನೀಲಿ ಬಟನ್ ಥರ,” ಎಂದು ಅಪ್ಪ ಯಾವತ್ತೋ ಹೇಳಿದ್ದ. ಅವತ್ತಿನಿಂದ ಗೋಚಿಗೆ ಅದೊಂದೇ ಆಸೆ. ಅಪ್ಪನ ಪಕ್ಕದಲ್ಲಿ ನಿಂತು, ಅಪ್ಪ ಬೆರಳು ತೋರಿಸಿದ ಕಡೆ ನೋಡಬೇಕು. ಬೇರೆ ಯಾರ ಜೊತೆಗೂ ಅಲ್ಲ, ಅಪ್ಪನ ಜೊತೆಗೇ.

ಆದರೆ ಮನೆಗೆ ಬಂದ ಅಪ್ಪನಿಗೆ ಯಾವಾಗಲೂ ಹಿಮ್ಮಡಿ ನೋವು. ಆ ನೋವು ಮನೆಯಲ್ಲಿ ಎಷ್ಟು ಹಳೆಯದೆಂದರೆ, ಗೋಚಿ ಅದನ್ನು ಮೇಜು ಕುರ್ಚಿಗಳ ಜೊತೆ ಸೇರಿಸಿಬಿಟ್ಟಿದ್ದಳು. ಊರವರ ಜೊತೆಗೆಲ್ಲ ನಡೆಯೋ ಕಾಲು ನನ್ನ ಜೊತೆ ಬರೋಕೆ ಮಾತ್ರ ನೋಯುತ್ತಾ, ಎಂದು ಅವಳಿಗೆ ಸಿಟ್ಟು.

ಶುಕ್ರವಾರ ಆ ಸಿಟ್ಟಿಗೆ ಇನ್ನಷ್ಟು ಎಣ್ಣೆ ಬಿತ್ತು. ಎಣ್ಣೆ ಹೊಯ್ದವಳು ರೇಡಿಯೋ. ಅವಳು ಗೋಚಿಯ ಕ್ಲಾಸಿನವಳು. ಒಮ್ಮೆ ಶುರುವಾದರೆ ನಿಲ್ಲಿಸುವ ಬಟನ್ ಇಲ್ಲ, ಅದಕ್ಕೇ ಆ ಹೆಸರು.

“ಏಯ್ ಗೋಚಿ, ನಮ್ಮ ಅತ್ತೆ ಬಂದಿದ್ರು ಅಂತ ಕೋಟೆಗೆ ಹೋಗಿದ್ವಿ. ನಿಮ್ಮಪ್ಪನೇ ನಮ್ಮ ಗೈಡ್! ಅಬ್ಬಾ, ಏನು ಕಥೆ ಹೇಳ್ತಾರೆ! ಆ ಗೊರಕೆ ಕಥೆ ಇದ್ಯಲ್ಲ...”

“ಯಾವ ಗೊರಕೆ?”

“ಅಯ್ಯೋ, ನಿಂಗೆ ಗೊತ್ತಿಲ್ವಾ? ಒಣಗಿದ ಬಾವಿಯೊಳಗೆ ಒಬ್ಬ ಕಾವಲುಗಾರ ಮಲಗಿ ಗೊರಕೆ ಹೊಡೀತಿದ್ನಂತೆ. ಬಾವಿ ಒಳಗೆ ಅದು ಗುಡುಗಿದ ಹಾಗೆ ಕೇಳಿ, ಇಲ್ಲೇನೋ ಭೂತ ಸಾಕಿದ್ದಾರೆ ಅಂತ ಶತ್ರುಗಳೆಲ್ಲ ಕಾಲಿಗೆ ಬುದ್ಧಿ ಹೇಳಿದ್ರಂತೆ! ರಾಜ ಅವನಿಗೆ ಬಹುಮಾನ ಏನು ಕೊಟ್ಟ ಹೇಳು? ದಿಂಬು!”

ಬೆಂಚಿನವರೆಲ್ಲ ಬಿದ್ದು ಬಿದ್ದು ನಕ್ಕರು. ಗೋಚಿಯೂ ಗೊತ್ತಿದ್ದವಳ ಹಾಗೆ ನಕ್ಕಳು. ಒಳಗೊಳಗೆ ಮಾತ್ರ ಅಳು ಬರುವಂತಾಗಿತ್ತು. ಅಪ್ಪನ ಕಥೆಯನ್ನು ಅವಳು ರೇಡಿಯೋ ಬಾಯಿಂದ ಕೇಳಬೇಕಾಯಿತು.

ಮರುದಿನ ಶನಿವಾರ, ಬೆಳಗಿನ ಶಾಲೆ. ಊಟ ಮುಗಿಸಿ ಗೋಚಿ ಕೈ ತೊಳೆಯುತ್ತಿದ್ದಾಗ ಅಮ್ಮ ಕಿಟಕಿಯ ಹತ್ತಿರದಿಂದ ಕೂಗಿದಳು.

“ನೋಡಿದ್ಯಾ ನಿಮ್ಮಪ್ಪನ ಮರೆವು! ಪ್ಯಾಡ್ ಇಲ್ಲೇ ಇದೆ!”

ಕಿಟಕಿಯ ಕಟ್ಟೆಯ ಮೇಲೆ ಒಂದು ಮೆತ್ತನೆಯ ರಬ್ಬರ್ ಪ್ಯಾಡ್ ಒಣಗಲು ಕೂತಿತ್ತು. ಅಪ್ಪ ಬಲಗಾಲಿನ ಶೂ ಒಳಗೆ, ಹಿಮ್ಮಡಿಯ ಕೆಳಗೆ ಇಟ್ಟುಕೊಳ್ಳುವುದು ಅದನ್ನೇ. ಅಮ್ಮ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಾಳೆ, ಅವಳೇ ತಂದುಕೊಟ್ಟದ್ದು.

“ಗೋಚಿ, ಓಡಿಹೋಗಿ ಕೊಟ್ಟು ಬಾ. ಮಧ್ಯಾಹ್ನದ ಗುಂಪು ಹೊರಡೋದ್ರೊಳಗೆ ಕೊಡ್ಬೇಕು. ನಂಗೆ ಡ್ಯೂಟಿಗೆ ಹೊತ್ತಾಯ್ತು.”

ಗೋಚಿ ಓಡಿದಳು. ಎರಡು ಬೀದಿ ದಾಟಿದರೆ ಕೋಟೆ. ಗೇಟಿನ ಕಿಂಡಿಯಲ್ಲಿ ಟಿಕೆಟ್ ಮಾಮ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕೂತಿದ್ದ.

“ಓಹೋ, ಗೈಡ್ ಸಾಹೇಬರ ಮಗಳು! ನಿಮ್ಮಪ್ಪ ಈಗಷ್ಟೇ ಒಳಗೆ ಹೋದ. ಹೋಗು ಹೋಗು, ಅಲ್ಲೇ ಇದ್ದಾನೆ.”

ನಿಜವಾಗಿಯೂ ಅಲ್ಲೇ ಇದ್ದ. ಜನರ ತಲೆಗಳ ಮೇಲೆ ಕೆಂಪು ಕೊಡೆ ಕಾಣಿಸುತ್ತಿತ್ತು. ಗೋಚಿ “ಅಪ್ಪಾ” ಎಂದು ಕರೆಯಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು.

ಈಗ ಪ್ಯಾಡ್ ಕೊಟ್ಟರೆ ಅಪ್ಪ ಏನು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಜಾಣೆ, ಈಗ ಮನೆಗೆ ಹೋಗು, ಎನ್ನುತ್ತಾನೆ. ಕೊಡದಿದ್ದರೆ? ಒಂದು ಕಥೆ ಕೇಳಬಹುದು. ಬರೀ ಒಂದು. ಆಮೇಲೆ ಕೊಟ್ಟರಾಯಿತು.

ಅವಳು ಪ್ಯಾಡನ್ನು ಜೇಬಿಗೆ ತುರುಕಿ, ದೊಡ್ಡ ಬ್ಯಾಗಿನ ಒಬ್ಬ ಅಂಕಲ್ ಬೆನ್ನ ಹಿಂದೆ ಸೇರಿಕೊಂಡಳು.

ಅಪ್ಪ ಮೊದಲು ನಿಂತದ್ದು ಹೆಬ್ಬಾಗಿಲಲ್ಲಿ. ಅಲ್ಲಿನ ಕಲ್ಲಿನ ಮೆಟ್ಟಿಲ ಮೇಲೆ ಬಲಗಾಲಿಟ್ಟು, ಎದೆ ಮುಂದೆ ಮಾಡಿ, ಬಾಗಿಲಿನ ಮೊಳೆಗಳ ಕಥೆ ಶುರುಮಾಡಿದ. ಏನು ಗತ್ತು! ಏನು ದನಿ! ಇವನು ಅಡುಗೆಮನೆಯ ಅಪ್ಪನೇ ಅಲ್ಲ. ಒಬ್ಬ ಹುಡುಗ ಅಪ್ಪನ ಹಾಗೇ ಮೆಟ್ಟಿಲ ಮೇಲೆ ಕಾಲಿಟ್ಟು ಪೋಸ್ ಕೊಟ್ಟ, ಅವನ ತಾಯಿ ಫೋಟೋ ತೆಗೆದಳು.

ಒಂದು ಕಥೆ ಮುಗಿಯಿತು. ಗೋಚಿ ಇನ್ನೊಂದಕ್ಕೆ ಕಾದಳು. ಬಾವಿಯ ಕಟ್ಟೆಯ ಹತ್ತಿರ ಗೊರಕೆ ಕಥೆಯೂ ಬಂತು. ರೇಡಿಯೋ ಅದನ್ನು ಅರ್ಧಕ್ಕರ್ಧ ಕೆಡಿಸಿದ್ದಳು. ಅಪ್ಪ ಬಾವಿಯೊಳಗೆ ಬಗ್ಗಿ ನಿಜವಾಗಿಯೂ ಗೊರಕೆ ಹೊಡೆದು ತೋರಿಸಿದ. ಬಾವಿ ತಿರುಗಿ ಗೊರಕೆ ಹೊಡೆಯಿತು. ಗೋಚಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಆಮೇಲೆ ಬಂದದ್ದು ಫಿರಂಗಿ. ಕೋಟೆಯಲ್ಲೆಲ್ಲ ದೊಡ್ಡ ಫಿರಂಗಿ, ಮಟ್ಟಸವಾದ ಅಂಗಳದ ನಡುವೆ ಒಂಟಿಯಾಗಿ ಕೂತಿತ್ತು. ಇದಕ್ಕೆ ಅಪ್ಪ ಎಂಥ ಕಥೆ ಹೇಳಬಹುದು ಎಂದು ಗೋಚಿ ಕಿವಿ ನಿಮಿರಿಸಿದಳು.

“ಇದು ಫಿರಂಗಿ. ಬಹಳ ಹಳೇದು. ಬನ್ನಿ, ಮುಂದೆ ಹೋಗೋಣ,” ಎಂದ ಅಪ್ಪ.

ಅಷ್ಟೇನಾ! ಗೋಚಿಗೆ ಮೋಸವಾದಂತಾಯಿತು. ಬಾಗಿಲ ಮೊಳೆಗೆ ಅಷ್ಟುದ್ದ ಕಥೆ, ಇಷ್ಟು ದೊಡ್ಡ ಫಿರಂಗಿಗೆ ಇಷ್ಟೇನಾ?

ಆಗಲೇ ಅವಳ ಪಕ್ಕದಲ್ಲಿದ್ದ ಹೂವಿನ ಟೋಪಿಯ ಆಂಟಿಯೊಬ್ಬರು ಕಲ್ಲಿನ ಮೇಲೆ ದೊಪ್ಪನೆ ಕೂತರು.

“ಅಯ್ಯೋ, ನನ್ನ ಹಿಮ್ಮಡಿ! ಇನ್ನು ಒಂದು ಹೆಜ್ಜೆಯೂ ಆಗಲ್ಲಪ್ಪ. ಊರು ನೋಡೋಕೆ ಬಂದು ಬರೀ ಕಾಲು ನೋಡ್ಕೊಳ್ಳೋ ಹಾಗಾಯ್ತು.”

ಅಪ್ಪ ತಿರುಗಿ ಬಂದ. ಗೋಚಿ ಚಂಗನೆ ಫಿರಂಗಿಯ ಹಿಂದೆ ಅವಿತಳು.

“ಕೂತು ಎದ್ದಾಗ ಮೊದಲ ಹೆಜ್ಜೆಗೆ ಮುಳ್ಳು ಚುಚ್ಚಿದ ಹಾಗಾಗುತ್ತಾ ಮೇಡಂ?”

“ಹೌದು! ಸರಿಯಾಗಿ ಹಾಗೇ!”

“ಹಾಗಾದ್ರೆ ಏಳೋ ಮೊದಲು, ಕೂತಲ್ಲೇ ಕಾಲ್ಬೆರಳುಗಳನ್ನ ನಿಮ್ಮ ಕಡೆಗೆ ಎಳ್ಕೊಳ್ಳಿ. ಹಾಂ, ಹಾಗೆ. ಸ್ವಲ್ಪ ಹೊತ್ತು ಹಿಡ್ಕೊಳ್ಳಿ. ರೂಮಿಗೆ ಹೋದ್ಮೇಲೆ ಐಸ್ ಬಾಟಲಿ ಕಾಲ ಕೆಳಗಿಟ್ಟು ಉರುಳಿಸಿ. ನಾಳೆ ಈ ತೆಳು ಚಪ್ಪಲಿ ಬೇಡ, ಶೂ ಹಾಕ್ಕೊಳ್ಳಿ. ಎಲ್ಲಾದ್ರೂ ಮೆಟ್ಟಿಲು ಸಿಕ್ರೆ, ಬೆರಳನ್ನ ಮೆಟ್ಟಿಲ ಮೇಲಿಟ್ಟು ಹಿಮ್ಮಡೀನ ಮೆಲ್ಲಗೆ ಕೆಳಗೆ ಬಿಡಿ. ಎಳೆದು ಹಿಡಿದ ನರ ಸಡಿಲ ಆಗುತ್ತೆ. ಶೂ ಒಳಗೆ ಮೆತ್ತನೆ ಪ್ಯಾಡ್ ಇದ್ರಂತೂ ಅರ್ಧ ನೋವು ಮಾಯ.”

ಗೋಚಿಯ ಕೈ ತಾನಾಗಿಯೇ ಜೇಬಿಗೆ ಹೋಯಿತು.

“ಇಷ್ಟೆಲ್ಲ ಹೇಗೆ ಗೊತ್ತು ನಿಮಗೆ? ನಿಮಗೂ ಇದ್ಯಾ ಈ ನೋವು?”

“ನನಗಾ? ಛೆ ಛೆ! ಗೈಡ್ ಕಾಲು ಕಬ್ಬಿಣದ್ದು ಮೇಡಂ!”

ಎಲ್ಲರೂ ನಕ್ಕರು. ಗೋಚಿ ನಗಲಿಲ್ಲ. ಅವಳು ಅಪ್ಪನ ಕಾಲನ್ನು ನೋಡುತ್ತಿದ್ದಳು.

ಹೆಬ್ಬಾಗಿಲಲ್ಲಿ ಮೆಟ್ಟಿಲಿತ್ತು. ಬಾವಿಯ ಹತ್ತಿರವೂ ಮೆಟ್ಟಿಲಿತ್ತು. ಕಥೆ ಹೇಳುವಾಗಲೆಲ್ಲ ಅಪ್ಪನ ಬೆರಳುಗಳು ಮೆಟ್ಟಿಲ ಅಂಚಿನಲ್ಲಿ, ಹಿಮ್ಮಡಿ ಗಾಳಿಯಲ್ಲಿ. ಮನೆಯಲ್ಲಿ ದಿನಾ ಬೆಳಿಗ್ಗೆ ಬಾಗಿಲ ಚೌಕಟ್ಟು ಹಿಡಿದು ಮಾಡುವುದೂ ಇದನ್ನೇ. ಗತ್ತಲ್ಲ ಅದು. ಫಿರಂಗಿಯ ಹತ್ತಿರ ಮೆಟ್ಟಿಲೇ ಇರಲಿಲ್ಲ, ಅದಕ್ಕೇ ಅಲ್ಲಿ ಕಥೆಯೂ ಇರಲಿಲ್ಲ.

ಗುಂಪು ಮುಂದೆ ಹೊರಟಿತು. ಈಗ ಕೆಂಪು ಕೊಡೆ ಮೇಲಿರಲಿಲ್ಲ. ಯಾರೂ ನೋಡದಿದ್ದಾಗ ಅಪ್ಪ ಅದನ್ನು ಊರಿಕೊಂಡು ನಡೆಯುತ್ತಿದ್ದ. ಗೋಚಿಗೆ ಜೇಬಿನೊಳಗಿನ ಪ್ಯಾಡ್ ಕಲ್ಲಿನಷ್ಟು ಭಾರವಾಯಿತು. ಓಡಿಹೋಗಿ ಕೊಟ್ಟುಬಿಡಬೇಕು ಎನ್ನಿಸಿತು. ಆದರೆ ಎಲ್ಲರ ಮುಂದೆ ಕೊಟ್ಟರೆ ಅಪ್ಪನ ಕಬ್ಬಿಣದ ಕಾಲಿನ ಗುಟ್ಟು ರಟ್ಟಾಗುತ್ತದೆ. ಕೊಡುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ಗೇಟಿನಲ್ಲೇ ಕೊಟ್ಟಿದ್ದರೆ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು.

ಕೊನೆಗೆ ಬುರುಜು ಬಂತು. ಮೆಟ್ಟಿಲುಗಳು ಸುತ್ತಿಕೊಂಡು ಸುತ್ತಿಕೊಂಡು ಮೇಲೆ ಹೋಗಿದ್ದವು.

“ಮೇಲೆ ನೀವೇ ಹೋಗಿ ಬನ್ನಿ. ಕಾವಲುಗಾರ ಇದ್ದಾನೆ, ಎಲ್ಲ ತೋರಿಸ್ತಾನೆ. ಗಾಳಿ ಜೋರು, ಟೋಪಿ ಹುಷಾರು!” ಎಂದ ಅಪ್ಪ.

ಗುಂಪು ಗಲಗಲ ಎಂದು ಮೇಲೆ ಹೋಯಿತು. ಸದ್ದು ದೂರವಾದ ಮೇಲೆ ಅಪ್ಪ ಕೆಳಗಿನ ಮೆಟ್ಟಿಲಲ್ಲಿ ಕೂತು, ಶೂ ಬಿಚ್ಚಿ, ಎರಡು ಹೆಬ್ಬೆರಳಿಂದ ಹಿಮ್ಮಡಿ ಒತ್ತಿಕೊಂಡ. ಆಗ ಅಡುಗೆಮನೆಯ ಅಪ್ಪ ಮತ್ತೆ ಬಂದ. ಅದೇ ಮುಖ. ಆ ಮುಖ ನೋಡಿಯೇ ಗೋಚಿ ಎಷ್ಟೋ ಸಂಜೆ, ಅಪ್ಪನಿಗೆ ನಾನೆಂದರೆ ಬೇಜಾರು ಎಂದುಕೊಂಡಿದ್ದಳು.

ಅವಳು ಹೋಗಿ ಎದುರಿಗೆ ನಿಂತು ಪ್ಯಾಡ್ ಚಾಚಿದಳು.

“ಅರೆ, ಗೋಚಿ! ಯಾವಾಗ ಬಂದೆ?”

“ಗೇಟಿಂದಾನೇ ಇದ್ದೆ.”

“ಗೇಟಿಂದಾನಾ? ಇದು...”

“ಜೇಬಲ್ಲಿತ್ತು.” ಅವಳ ದನಿ ಸಣ್ಣದಾಯಿತು. “ಕೊಟ್ರೆ ಮನೆಗೆ ಕಳಿಸ್ತೀಯ ಅಂತ ಕೊಡ್ಲಿಲ್ಲ. ನಂಗೆ ಕಥೆ ಕೇಳ್ಬೇಕಿತ್ತು.”

ಬೈಯುತ್ತಾನೆ ಎಂದುಕೊಂಡಿದ್ದಳು. ಅಪ್ಪ ಬೈಯಲಿಲ್ಲ. ತಲೆ ತಗ್ಗಿಸಿ ಪ್ಯಾಡನ್ನು ಶೂ ಒಳಗಿಟ್ಟು ಸರಿಮಾಡಿಕೊಂಡ.

“ನೋಯುತ್ತೆ ಅಂತ ಅವ್ರಿಗೆ ಯಾಕೆ ಹೇಳ್ಲಿಲ್ಲ ಅಪ್ಪಾ?”

“ಕುಂಟೋ ಗೈಡ್ ಹಿಂದೆ ಯಾರು ಬರ್ತಾರೆ ಹೇಳು?”

“ನಾನು ಬರ್ತೀನಿ.”

ಅಪ್ಪ ತಲೆ ಎತ್ತಿ ಅವಳನ್ನು ನೋಡಿದ.

“ಮೇಲೆ ಹೋಗಿ ಬಾ. ಅವ್ರ ಜೊತೆ ಸೇರ್ಕೊ. ಇವತ್ತು ಆಕಾಶ ಶುಭ್ರ ಇದೆ, ಟ್ಯಾಂಕ್ ಕಾಣುತ್ತೆ.”

ಗೋಚಿ ಕತ್ತೆತ್ತಿ ನೋಡಿದಳು. ಬುರುಜಿನ ತುದಿಯಿಂದ ಯಾರೋ ಕೂಗುವುದು, ನಗುವುದು ಕೇಳಿಸುತ್ತಿತ್ತು. ಹೋಗಬೇಕೆಂದು ಅವಳಿಗೆ ತುಂಬಾ ಆಸೆಯಾಯಿತು. ಎಷ್ಟು ಆಸೆಯೆಂದರೆ ಒಂದು ಕಾಲು ಆಗಲೇ ಮೆಟ್ಟಿಲ ಮೇಲಿತ್ತು.

ಆಮೇಲೆ ಅವಳು ಆ ಮೆಟ್ಟಿಲ ಮೇಲೆಯೇ, ಅಪ್ಪನಿಗೆ ಅಂಟಿಕೊಂಡು ಕೂತಳು.

“ಬುರುಜು ಎಲ್ಲಿಗೂ ಓಡಿಹೋಗಲ್ಲ ಬಿಡು,” ಎಂದಳು.

ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ಹೊರಟರು. ಅಪ್ಪನ ಹೆಜ್ಜೆ ನಿಧಾನವಾಗಿತ್ತು. ಎರಡೇ ಬೀದಿ, ಆದರೆ ಇವತ್ತು ಗೋಚಿಗೆ ಅವು ಉದ್ದವಾಗಿ ಕಂಡವು. ಅಪ್ಪ ಒಂದು ಸಲ ಕೊಡೆಯನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದ, ಇನ್ನೊಂದು ಸಲ ಸುಮ್ಮನೆ ನಿಂತು ಆಕಾಶ ನೋಡಿದ. ಗೋಚಿ ರಸ್ತೆಯ ಎರಡೂ ಬದಿ ಹುಡುಕುತ್ತಾ ನಡೆದಳು.

ತಿರುವಿನಲ್ಲಿ ಒಂದು ಲಾಂಡ್ರಿ ಅಂಗಡಿ. ಶಟರ್ ಎಳೆದಿತ್ತು. ಗೋಡೆಯ ಬಣ್ಣ ಸುಲಿದಿತ್ತು, ಒಂದು ಬೆಕ್ಕು ಬಿಟ್ಟರೆ ನೋಡುವಂಥದ್ದು ಏನೂ ಇರಲಿಲ್ಲ. ಆದರೆ ಅಂಗಡಿಯ ಮುಂದೆ ಒಂದು ಮೆಟ್ಟಿಲಿತ್ತು. ಗೋಚಿ ಅದರ ಎದುರು ನಿಂತುಬಿಟ್ಟಳು.

“ಅಪ್ಪಾ, ಈ ಲಾಂಡ್ರಿಗೆ ಏನಾದ್ರೂ ಕಥೆ ಇದ್ಯಾ?”

“ಲಾಂಡ್ರಿಗಾ?” ಅಪ್ಪ ನಕ್ಕ. “ಇದಕ್ಕೆಂಥ ಕಥೆ...”

ಅವನು ಶಟರ್ ನೋಡಿದ, ಮೆಟ್ಟಿಲು ನೋಡಿದ, ಆಮೇಲೆ ಮಗಳ ಮುಖ ನೋಡಿದ. ಗೋಚಿ ಬೆಕ್ಕನ್ನೇ ನೋಡುತ್ತಿದ್ದಳು.

ಅಪ್ಪ ಮೆಲ್ಲಗೆ ಬಲಗಾಲಿನ ಬೆರಳುಗಳನ್ನು ಮೆಟ್ಟಿಲ ಅಂಚಿಗೆ ಇಟ್ಟ. ಹಿಮ್ಮಡಿ ಕೆಳಗಿಳಿಯಿತು. ಕೆಂಪು ಕೊಡೆ ಮೇಲೇರಿತು.

“ಇದೆ,” ಎಂದ. “ಉದ್ದ ಕಥೆ. ಯಾರಿಗೂ ಹೇಳಿಲ್ಲ ಇನ್ನೂ.”